ಮುತ್ತು ಬಿಡಿಸಲು ಹೊರಟ ಮುತ್ತುಲಕ್ಷ್ಮಿ

ಹೋದ ತಿಂಗಳು ಹೊಸಪೇಟೆಯ ಒಂದು ಸಣ್ಣ ಸಭೆಯಲ್ಲಿ ಮಾತಾಡಿದ್ದೆ. ಕೇಳಿದವರಲ್ಲಿ ಕೆಲವರು ಇದನ್ನು ಬರೆದು ಕೊಡಿ ಅಂದರು. ಅಲ್ಲಿ ಹೇಳಿದ್ದನ್ನೇ ಬರೆದಿದ್ದೇನೆ. ಹೊತ್ತು ಸಾಲದೆ ಬಿಟ್ಟಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ. ಸಭೆ ಮುಗಿದ ಮೇಲೆ ನಡೆದ ಒಂದು ಮಾತುಕತೆ ಕೊನೆಯಲ್ಲಿದೆ.

ಎಲ್ಲರಿಗೂ ನಮಸ್ಕಾರ.

ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. 1927ರಲ್ಲಿ ಈ ಊರಿಗೆ ಕಾನೂನು ಎಲ್ಲಿಂದ ಬರುತ್ತಿತ್ತು? ಬೆಂಗಳೂರಿನಿಂದ ಅಲ್ಲ, ಮೈಸೂರಿನಿಂದಲೂ ಅಲ್ಲ. ಮದ್ರಾಸಿನಿಂದ. ಹೊಸಪೇಟೆ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಸಿರುಗುಪ್ಪ ಎಲ್ಲ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್‌ನಲ್ಲಿ. ಅತ್ತ ಮಂಗಳೂರು, ಉಡುಪಿ, ಇತ್ತ ಕೊಳ್ಳೇಗಾಲ, ಅವೂ ಮದ್ರಾಸಿನವೇ. ಹಾಗಾಗಿ ಮದ್ರಾಸಿನ ಶಾಸನಸಭೆಯಲ್ಲಿ ಕೂತು ಮಾತಾಡಿದ ಮೊದಲ ಹೆಣ್ಣುಮಗಳು ನಮಗೂ ಶಾಸಕಿಯೇ ಆಗಿದ್ದರು. ಅದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನನಗಂತೂ ಬಹಳ ವರ್ಷ ಗೊತ್ತಿರಲಿಲ್ಲ.

ಅವರ ಹೆಸರು ಡಾ. ಎಸ್. ಮುತ್ತುಲಕ್ಷ್ಮಿ ರೆಡ್ಡಿ. ನಾನು ಮೊದಲು ಈ ಹೆಸರು ಕೇಳಿದ್ದು ಆಸ್ಪತ್ರೆಯಲ್ಲಿ. ಹತ್ತಿರದ ಸಂಬಂಧಿಕರೊಬ್ಬರನ್ನು ಕರೆದುಕೊಂಡು ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿದ್ದೆ. ಕಾಯುತ್ತಾ ಕೂತಾಗ ಪಕ್ಕದಲ್ಲಿದ್ದ ಹೆಂಗಸೊಬ್ಬರು, "ಇದನ್ನ ಕಟ್ಟಿಸಿದ್ದು ಒಬ್ಬ ಹೆಂಗಸು ಗೊತ್ತಾ, ಡಾಕ್ಟರಮ್ಮ" ಅಂದರು. ಅಲ್ಲಿಂದ ಹುಡುಕುತ್ತಾ ಹೋದೆ. ಆಸ್ಪತ್ರೆ ಕಟ್ಟಿಸಿದ್ದು ಅವರ ಬದುಕಿನ ಕೊನೆಯ ಕೆಲಸಗಳಲ್ಲಿ ಒಂದು ಅಂತ ಆಮೇಲೆ ತಿಳಿಯಿತು. ಅದಕ್ಕೂ ಮುಂಚಿನ ಕಥೆ ನಮ್ಮ ಊರಿನ ಬಾಗಿಲಿಗೇ ಬರುತ್ತದೆ.

ಅವರು ಹುಟ್ಟಿದ್ದು 1886ರ ಜುಲೈ 30ರಂದು, ಪುದುಕೋಟೆ ಸಂಸ್ಥಾನದಲ್ಲಿ. ತಂದೆ ನಾರಾಯಣಸ್ವಾಮಿ ಅಯ್ಯರ್, ಅಲ್ಲಿನ ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು. ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದಿಂದ ಬಂದವರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹುಡುಗಿ ಓದಿನಲ್ಲಿ ಚುರುಕು. ಮೆಟ್ರಿಕ್ ಮುಗಿದ ಮೇಲೆ ಮುಂದೆ ಓದಬೇಕೆಂದರೆ ಊರಲ್ಲಿ ಇದ್ದದ್ದು ಒಂದೇ ಕಾಲೇಜು. ಅದು ಗಂಡುಮಕ್ಕಳ ಕಾಲೇಜು. ಹೆಣ್ಣು ಬಂದರೆ ಹುಡುಗರು ಕೆಡುತ್ತಾರೆ ಅಂತ ಕೆಲವರು ಗಲಾಟೆ ಮಾಡಿದರು. ಕೊನೆಗೆ ರಾಜ ಮಾರ್ತಾಂಡ ಭೈರವ ತೊಂಡೈಮಾನ್ ಅವರೇ ಸೇರಿಸಿಕೊಳ್ಳಿ ಅಂದರು. ಆದರೂ ಸುಮ್ನೆ ಹೋಗಿ ಬೆಂಚಿನ ಮೇಲೆ ಕೂರುವ ಹಾಗಿರಲಿಲ್ಲ. ಮುಚ್ಚಿದ ಗಾಡಿಯಲ್ಲಿ ಹೋಗಬೇಕು, ತರಗತಿಯಲ್ಲಿ ಪರದೆಯ ಮರೆಯಲ್ಲಿ ಕೂರಬೇಕು. ಪಾಠ ಹೇಳುವವರ ದನಿ ಕೇಳಬಹುದು, ಜೊತೆಗೆ ಓದುವ ಹುಡುಗರ ಮುಖ ಕಾಣುವಂತಿಲ್ಲ. ಆ ಪರದೆಯ ಹಿಂದೆ ಕೂತಿದ್ದ ಹುಡುಗಿ ಇಪ್ಪತ್ತು ಚಿಲ್ಲರೆ ವರ್ಷದ ಮೇಲೆ ಇಡೀ ಗಂಡಸರ ಸಭೆಯೊಂದನ್ನು ಮುಂದೆ ಕೂತು ನಡೆಸಿದರು. ನನಗೆ ಈ ಎರಡು ಚಿತ್ರ ಒಟ್ಟಿಗೇ ಕಣ್ಣಿಗೆ ಬರುತ್ತವೆ.

1907ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. 1912ರಲ್ಲಿ ಚಿನ್ನದ ಪದಕಗಳ ಜೊತೆ ಡಾಕ್ಟರಾಗಿ ಹೊರಬಂದರು. ಎಗ್ಮೋರ್‌ನ ಹೆಂಗಸರ ಮತ್ತು ಮಕ್ಕಳ ಸರ್ಕಾರಿ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆದ ಮೊದಲ ಹೆಣ್ಣು ಅವರು. ಮದುವೆ ಬೇಡ ಅಂತಲೇ ಇದ್ದರು. 1914ರಲ್ಲಿ ಡಾ. ಸುಂದರ ರೆಡ್ಡಿ ಅವರನ್ನು ಮದುವೆಯಾದರು, ಅದೂ ಷರತ್ತು ಹಾಕಿ: ನನ್ನನ್ನು ಸರಿಸಮಾನಳಾಗಿ ಕಾಣಬೇಕು, ನನ್ನ ಕೆಲಸಕ್ಕೆ ಅಡ್ಡ ಬರಬಾರದು. ಅವರು ಆ ಮಾತು ಉಳಿಸಿಕೊಂಡರು ಅನ್ನುವುದೂ ಹೇಳಬೇಕಾದ ವಿಷಯ. 1925ರಲ್ಲಿ ಮುತ್ತುಲಕ್ಷ್ಮಿ ಹೆಚ್ಚಿನ ಓದಿಗೆ ಲಂಡನ್ನಿಗೆ ಹೊರಟಾಗ ಗಂಡನೂ ಇಬ್ಬರು ಚಿಕ್ಕ ಗಂಡುಮಕ್ಕಳೂ ಜೊತೆಗೇ ಹೋದರು. ಈಗಲೂ ಇದು ಅಪರೂಪವೇ ಅಲ್ವಾ?

ಈಗ ಶಾಸನಸಭೆಗೆ ಬರೋಣ.

ಹೆಂಗಸರಿಗೆ ವೋಟು ಕೊಟ್ಟ ಮೊದಲ ಪ್ರಾಂತ್ಯ ಮದ್ರಾಸ್, 1921ರಲ್ಲಿ. ಎಲ್ಲ ಹೆಂಗಸರಿಗೂ ಅಲ್ಲ. ಆಸ್ತಿ ಇರಬೇಕು, ತೆರಿಗೆ ಕಟ್ಟುತ್ತಿರಬೇಕು. ಚುನಾವಣೆಗೆ ನಿಲ್ಲುವ ಹಕ್ಕು ಮಾತ್ರ 1926ರವರೆಗೆ ಬರಲಿಲ್ಲ. ಬಂದ ಕೂಡಲೇ ನಿಂತವರು ಯಾರು ಗೊತ್ತಾ? ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಆಗ ಅವರಿಗೆ ಇನ್ನೂ ಇಪ್ಪತ್ತಮೂರು. ಪ್ರಚಾರಕ್ಕೆ ಸಿಕ್ಕಿದ್ದು ಬೆರಳೆಣಿಕೆಯ ದಿನಗಳು. ಬೆನ್ನಿಗೆ ನಿಂತವರು ಹೆಂಗಸರ ಹಕ್ಕಿಗಾಗಿ ಇಲ್ಲಿ ದುಡಿಯುತ್ತಿದ್ದ ಐರಿಷ್ ಹೆಣ್ಣುಮಗಳು ಮಾರ್ಗರೆಟ್ ಕಸಿನ್ಸ್. ಸ್ವಲ್ಪವೇ ವೋಟುಗಳಲ್ಲಿ ಸೋತರು. ಆ ಸೋಲಿನ ಬಗ್ಗೆ ಕೊನೆಯಲ್ಲಿ ಮತ್ತೆ ಹೇಳುತ್ತೇನೆ.

ಗೆದ್ದು ಬರುವ ದಾರಿ ಹೀಗೆ ತಪ್ಪಿದ್ದರಿಂದ ಅಡ್ಯಾರಿನಲ್ಲಿ 1917ರಲ್ಲಿ ಹುಟ್ಟಿದ್ದ ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್‌ನವರು, ಸರ್ಕಾರದ ನಾಮನಿರ್ದೇಶನದ ಮೂಲಕವಾದರೂ ಒಬ್ಬ ಹೆಂಗಸು ಕೌನ್ಸಿಲ್‌ಗೆ, ಅಂದರೆ ಮದ್ರಾಸಿನ ಶಾಸನಸಭೆಗೆ, ಹೋಗಲಿ ಅಂತ ಪಟ್ಟು ಹಿಡಿದರು. ಮುತ್ತುಲಕ್ಷ್ಮಿ ಹಿಂಜರಿದರು. ವೈದ್ಯ ವೃತ್ತಿ ಬಿಟ್ಟು ರಾಜಕೀಯ ಯಾಕೆ ಅಂತ. ಕೊನೆಗೆ ಒಪ್ಪಿದರು. ಹೀಗೆ ಬ್ರಿಟಿಷ್ ಪ್ರಾಂತ್ಯಗಳ ಶಾಸನಸಭೆಗೆ ಬಂದ ಮೊದಲ ಹೆಣ್ಣು ಅವರಾದರು. (ಸಂಸ್ಥಾನಗಳನ್ನೂ ಸೇರಿಸಿದರೆ ಲೆಕ್ಕ ಬೇರೆ. ತಿರುವಾಂಕೂರಿನ ಸಭೆಯಲ್ಲಿ ಅದಕ್ಕೂ ಮೊದಲೇ ಮೇರಿ ಪುನ್ನನ್ ಲೂಕೋಸ್ ಇದ್ದರು. ಅವರೂ ಡಾಕ್ಟರೇ. ಆ ಕಾಲದಲ್ಲಿ ಹೆಂಗಸರ ಕಷ್ಟವನ್ನು ಹತ್ತಿರದಿಂದ ಕಂಡವರು ಅಂದರೆ ಲೇಡಿ ಡಾಕ್ಟರುಗಳೇ ಇರಬೇಕು.)

ಸಭೆ ಅವರನ್ನು ಒಮ್ಮತದಿಂದ ಡೆಪ್ಯುಟಿ ಪ್ರೆಸಿಡೆಂಟ್ ಅಂತ ಆರಿಸಿತು. ಅಂದರೆ ಈಗಿನ ಉಪಸಭಾಪತಿ. ನನಗೆ ಆ ಪದವಿಗಿಂತ ಅವರು ಅಲ್ಲಿ ಏನು ಕೇಳಿದರು ಅನ್ನುವುದು ಮುಖ್ಯ ಅನ್ನಿಸುತ್ತದೆ. ಹೆಂಗಸರಿಗೂ ಮಕ್ಕಳಿಗೂ ಬೇರೆ ಆಸ್ಪತ್ರೆ ಬೇಕು. ಶಾಲೆಗೆ ಬರುವ ಮಕ್ಕಳನ್ನು ಡಾಕ್ಟರು ಬಂದು ನೋಡಬೇಕು. ಹುಡುಗಿಯರ ಮದುವೆ ವಯಸ್ಸು 16ಕ್ಕೆ, ಹುಡುಗರದು 21ಕ್ಕೆ ಏರಬೇಕು. ಆಮೇಲೆ 1929ರಲ್ಲಿ ಬಂದ ಶಾರದಾ ಕಾಯ್ದೆ ಹುಡುಗಿಯರಿಗೆ ಇಟ್ಟಿದ್ದು ಬರೀ 14. ಹೆರಿಗೆ ಕೋಣೆಯಲ್ಲಿ ಹದಿಮೂರರ ತಾಯಂದಿರನ್ನು ಕಂಡ ಡಾಕ್ಟರಿಗೆ ಅದು ಎಷ್ಟು ಕಡಿಮೆ ಅನ್ನಿಸಿರಬೇಕು ಯೋಚಿಸಿ. ಸೂಳೆಗಾರಿಕೆಯ ಮನೆಗಳಿಗೆ ಹೆಣ್ಣುಮಕ್ಕಳನ್ನು ಸಾಗಿಸುವುದರ ವಿರುದ್ಧದ ಕಾಯ್ದೆ 1930ರಲ್ಲಿ ಬಂತು. ಅದರ ಹಿಂದೆಯೂ ಅವರ ದುಡಿಮೆ ಇದೆ.

ಇವೆಲ್ಲದರ ಮೇಲೆ ದೇವದಾಸಿ ವಿಷಯ.

ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ನಮ್ಮ ಕಡೆ ಮುತ್ತು ಕಟ್ಟುವುದು ಅನ್ನುತ್ತೇವೆ. ತಮಿಳಿನಲ್ಲಿ ಪೊಟ್ಟುಕಟ್ಟು. ಮಾತು ಬೇರೆ, ಗಂಟು ಒಂದೇ. ಮುತ್ತು ಬಿಡಿಸಲು ಹೊರಟವರ ಹೆಸರಲ್ಲೇ ಮುತ್ತು ಇದೆ ಅನ್ನುವುದು ನಮ್ಮ ಕಿವಿಗೆ ಮಾತ್ರ ಕೇಳಿಸುವ ಸಂಗತಿ.

1927ರ ನವೆಂಬರ್‌ನಲ್ಲಿ ಅವರು ಕೌನ್ಸಿಲ್‌ನಲ್ಲಿ ಒಂದು ನಿರ್ಣಯ ತಂದರು. ದೇವಸ್ಥಾನಗಳಿಗೆ ಹೆಣ್ಣುಮಕ್ಕಳನ್ನು ಬಿಡುವುದನ್ನು ನಿಲ್ಲಿಸುವ ಕಾನೂನು ಬರಬೇಕು ಅಂತ. ಅದು ಪಾಸಾಯಿತು. ಆದರೆ ನಿರ್ಣಯ ಅಂದರೆ ಕೋರಿಕೆ, ಕಾನೂನಲ್ಲ. ಮುಂದೆ ಅವರು ಹಿಡಿದ ದಾರಿಯೇ ನನಗೆ ಅವರ ಬಗ್ಗೆ ಗೌರವ ಹೆಚ್ಚಿಸಿದ್ದು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆ ಕಡೆಯ ದೊಡ್ಡ ದೇವಸ್ಥಾನಗಳಲ್ಲಿ ದೇವದಾಸಿಗೆ ಇನಾಮು ಜಮೀನು ಇರುತ್ತಿತ್ತು. ಹಾಡಬೇಕು, ಕುಣಿಯಬೇಕು, ಕುಂಭಾರತಿ ಎತ್ತಬೇಕು, ಅದಕ್ಕೆ ಪ್ರತಿಯಾಗಿ ಹೊಲ. ಸೇವೆ ನಿಂತರೆ ಹೊಲ ಹೋಯಿತು. ಈಗ ಒಬ್ಬ ತಾಯಿಯನ್ನು ನೆನೆಸಿಕೊಳ್ಳಿ. ಅವಳಿಗೆ ವಯಸ್ಸಾಗಿದೆ, ಕಾಲು ನಡೆಯುವುದಿಲ್ಲ. ಮನೆಯಲ್ಲಿ ಅಜ್ಜಿ ಇದ್ದಾಳೆ, ತಮ್ಮಂದಿರಿದ್ದಾರೆ, ಎಲ್ಲರೂ ಉಣ್ಣುವುದು ಅದೇ ಹೊಲದ ಅಕ್ಕಿ. ಹೊಲ ಉಳಿಯಬೇಕಾದರೆ ಮನೆಯಿಂದ ಇನ್ನೊಬ್ಬಳು ಸೇವೆಗೆ ನಿಲ್ಲಬೇಕು. ಎಂಟು ವರ್ಷದ ಮಗಳಿದ್ದಾಳೆ. ಇಲ್ಲದಿದ್ದರೆ ಒಂದು ಹೆಣ್ಣುಮಗುವನ್ನು ದತ್ತು ತರಬೇಕು. ಈ ತಾಯಿಗೆ ಹೋಗಿ ಇದು ತಪ್ಪು, ಇದು ಪಾಪ ಅಂತ ಭಾಷಣ ಮಾಡಿದರೆ ಏನು ಪ್ರಯೋಜನ? ಗಂಟು ಇರುವುದು ಹುಡುಗಿಯ ಕೊರಳಲ್ಲಿ ಮಾತ್ರ ಅಲ್ಲ, ಹೊಲದ ಪತ್ರದಲ್ಲೂ ಇದೆ.

ಮುತ್ತುಲಕ್ಷ್ಮಿ ಮೊದಲು ಕೈ ಹಾಕಿದ್ದು ಆ ಪತ್ರಕ್ಕೆ. ಮದ್ರಾಸಿನಲ್ಲಿ ಆಗಷ್ಟೇ ಹಿಂದೂ ಧಾರ್ಮಿಕ ದತ್ತಿಗಳ ಕಾಯ್ದೆ ಬಂದಿತ್ತು. ಅದಕ್ಕೆ ಒಂದು ತಿದ್ದುಪಡಿ ತಂದರು. 1929ರ 5ನೇ ಕಾಯ್ದೆ ಅಂತ ಅದು ಜಾರಿಗೆ ಬಂತು. ಅದರ ಸಾರ ಇಷ್ಟು: ಜಮೀನು ಆಕೆಯ ಹತ್ತಿರವೇ ಇರಲಿ, ಸೇವೆಯ ಕಟ್ಟು ಮಾತ್ರ ಕಳಚಲಿ. ದೇವಸ್ಥಾನಕ್ಕೆ ಸೇವೆಯ ಬದಲು ಜೋಡಿ ಅನ್ನುವ, ಇನಾಮು ಜಮೀನಿನ ಸಣ್ಣ ಕಂದಾಯ ಕಟ್ಟಿದರಾಯಿತು. ಮಗಳನ್ನು ಬಿಟ್ಟು ಹೊಲ ಉಳಿಸಿಕೊಳ್ಳುವ ಒತ್ತಾಯ ಅಲ್ಲಿಗೆ ಮುಗಿಯಿತು. ಹೊರಗಿನಿಂದ ನೋಡಿದರೆ ಇದು ಸಪ್ಪೆ ಕಾನೂನು. ಇನಾಮು, ಜೋಡಿ, ಕಂದಾಯ ಅಂದರೆ ಯಾರು ಚಪ್ಪಾಳೆ ತಟ್ಟುತ್ತಾರೆ? ಆದರೆ ರೋಗ ಎಲ್ಲಿದೆ ಅಂತ ಸರಿಯಾಗಿ ಬೆರಳಿಟ್ಟವರು ಮಾತ್ರ ಇಂಥ ಕಾನೂನು ಬರೆಯಲು ಸಾಧ್ಯ. ದೇವದಾಸಿ ಮನೆಯ ಮಗಳ ಮಗಳಿಗೆ ಆ ಹೊಲದ ಲೆಕ್ಕ ಯಾರೂ ಕಲಿಸಬೇಕಾಗಿರಲಿಲ್ಲ ಅಂತ ನನ್ನ ಊಹೆ.

ಅವರು ವಾದ ಮಾಡುವಾಗ ಮೈಸೂರಿನ ಉದಾಹರಣೆಯನ್ನೂ ಕೊಡುತ್ತಿದ್ದರು. ಮೈಸೂರು ಸರ್ಕಾರ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತ್ತು. ಪಕ್ಕದ ಸಂಸ್ಥಾನಕ್ಕೆ ಆದದ್ದು ನಮಗೆ ಯಾಕೆ ಆಗುವುದಿಲ್ಲ ಅನ್ನುವ ಪ್ರಶ್ನೆಗೆ ಮದ್ರಾಸಿನ ಸಂಪ್ರದಾಯಸ್ಥರ ಹತ್ತಿರ ಸರಿಯಾದ ಉತ್ತರ ಇರಲಿಲ್ಲ.

ವಿರೋಧ ಜೋರಾಗಿತ್ತು. ಕಾಂಗ್ರೆಸ್ಸಿನ ದೊಡ್ಡ ಮಾತುಗಾರ ಸತ್ಯಮೂರ್ತಿ ವಿರೋಧಿಸಿದರು. ಧರ್ಮ ಹಾಳಾಗುತ್ತದೆ, ಕಲೆ ಹಾಳಾಗುತ್ತದೆ ಅಂದರು. ಆ ಗಂಡಸರ ಮಾತು ನನ್ನನ್ನು ಅಷ್ಟು ಕಾಡುವುದಿಲ್ಲ. ಕಾಡುವುದು ಇನ್ನೊಂದು ದನಿ.

ಬೆಂಗಳೂರು ನಾಗರತ್ನಮ್ಮ ಅಂತ ಕೇಳಿದ್ದೀರಿ. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದವರು. ದೇವದಾಸಿ ಮನೆತನ. ದೊಡ್ಡ ಗಾಯಕಿ, ಸಂಸ್ಕೃತ ತೆಲುಗು ಕನ್ನಡ ಬಲ್ಲವರು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳು ಬಿದ್ದಿದ್ದಾಗ ತಮ್ಮ ಸ್ವಂತ ದುಡ್ಡು ಹಾಕಿ ಗುಡಿ ಕಟ್ಟಿಸಿದವರು. ಅವರೂ ಇತರ ದೇವದಾಸಿಯರೂ ಸಂಘ ಕಟ್ಟಿಕೊಂಡು ಈ ಕಾನೂನು ಬೇಡ ಅಂತ ಸರ್ಕಾರಕ್ಕೆ ಮನವಿ ಕೊಟ್ಟರು. ನಮ್ಮನ್ನೂ ವೇಶ್ಯೆಯರನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ, ನಾವು ಕಲೆಯವರು, ಆಸ್ತಿ ಇರುವವರು, ನಮಗೆ ಬೇಕಾದದ್ದು ವಿದ್ಯೆ ಅಂದರು.

ನಾನು ಇದನ್ನು ಬಹಳ ಸಲ ಯೋಚಿಸಿದ್ದೇನೆ. ಆ ಕಾಲದ ಗರತಿಗೆ ಇಲ್ಲದ ಎಷ್ಟೋ ಹಕ್ಕು ನಾಗರತ್ನಮ್ಮನವರಿಗೆ ಇತ್ತು. ಆಸ್ತಿ ಮಾಡಬಹುದಿತ್ತು, ಹೆಣ್ಣುಮಗುವನ್ನು ದತ್ತು ತೆಗೆದುಕೊಳ್ಳಬಹುದಿತ್ತು, ಓದು ಬರಹ ಸಂಗೀತ ಎಲ್ಲ ಕೈಯಲ್ಲಿತ್ತು. ಅವರ ಭಯ ಸುಳ್ಳಾಗಲಿಲ್ಲ. ಮುಂದೆ ಆ ಕುಣಿತಕ್ಕೆ ಭರತನಾಟ್ಯ ಅಂತ ಮರ್ಯಾದೆ ಬಂತು, ಅದನ್ನು ಕಾಪಾಡಿಕೊಂಡು ಬಂದ ಮನೆತನಗಳ ಬಹುತೇಕ ಹೆಂಗಸರು ವೇದಿಕೆಯಿಂದ ಕೆಳಗಿಳಿದರು. ಅಷ್ಟಾದರೂ ನಾನು ಮುತ್ತುಲಕ್ಷ್ಮಿಯವರ ಪಕ್ಕವೇ ನಿಲ್ಲುತ್ತೇನೆ. ಒಬ್ಬ ನಾಗರತ್ನಮ್ಮ ಮೇಲೆ ಬಂದರು, ನಿಜ. ಆದರೆ ಎಂಟು ವರ್ಷದ ಹುಡುಗಿಗೆ ಬೇಡ ಅನ್ನುವ ದಾರಿಯೇ ಇರಲಿಲ್ಲ. ದೇವದಾಸಿ ಮನೆಯಿಂದಲೇ ಬಂದ ಮೂವಲೂರು ರಾಮಾಮಿರ್ತಂ ಅಮ್ಮಾಳ್ ಊರೂರು ತಿರುಗಿ ಈ ಕಾನೂನಿನ ಪರವಾಗಿ ಮಾತಾಡಿದರು ಅನ್ನುವುದನ್ನೂ ಮರೆಯಬಾರದು. ಒಂದೇ ಸಮುದಾಯದ ಹೆಂಗಸರು ಎರಡೂ ಕಡೆ ಇದ್ದರು.

1930ರಲ್ಲಿ ಮುತ್ತುಲಕ್ಷ್ಮಿ ಇನ್ನೊಂದು ಮಸೂದೆ ತಂದರು. ಈ ಸಲ ನೇರವಾಗಿ, ಹೆಣ್ಣುಮಕ್ಕಳನ್ನು ಬಿಡುವುದೇ ಅಪರಾಧ ಅಂತ. ಅಷ್ಟರಲ್ಲಿ ಉಪ್ಪಿನ ಸತ್ಯಾಗ್ರಹ ಬಂತು. ಮೇ ತಿಂಗಳಲ್ಲಿ ಗಾಂಧೀಜಿಯನ್ನು ಹಿಡಿದು ಜೈಲಿಗೆ ಹಾಕಿದರು. ಅದನ್ನು ವಿರೋಧಿಸಿ ಮುತ್ತುಲಕ್ಷ್ಮಿ ಕೌನ್ಸಿಲ್‌ಗೆ ರಾಜೀನಾಮೆ ಕೊಟ್ಟರು. ಕೈಯಲ್ಲಿ ಹಿಡಿದ ಮಸೂದೆ ಪಾಸಾಗುವ ಮುಂಚೆ ಕುರ್ಚಿ ಬಿಟ್ಟು ಎದ್ದರು. ಅದು ಸರಿಯಾ ತಪ್ಪಾ ಅಂತ ಇಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಕೇಳಿದಳು. ನನ್ನ ಉತ್ತರ: ಅವರಿಗೆ ನಷ್ಟ ಏನು ಅಂತ ಗೊತ್ತಿತ್ತು, ಗೊತ್ತಿದ್ದೂ ಬಿಟ್ಟರು. ಆ ಮಸೂದೆ ಮೂಲೆ ಸೇರಿತು. ಕೊನೆಗೆ ಅದು ಕಾಯ್ದೆ ಆಗಿದ್ದು 1947ರ ಅಕ್ಟೋಬರ್‌ನಲ್ಲಿ, ಓಮಂದೂರು ರಾಮಸ್ವಾಮಿ ರೆಡ್ಡಿಯಾರ್ ಮುಖ್ಯಮಂತ್ರಿ ಆಗಿದ್ದಾಗ. ಹದಿನೇಳು ವರ್ಷ. ಹದಿನೇಳು ವರ್ಷದಲ್ಲಿ ಒಂದು ಹೆಣ್ಣುಮಗು ಹುಟ್ಟಿ, ಬೆಳೆದು, ಮುತ್ತು ಕಟ್ಟಿಸಿಕೊಂಡು, ತಾನೇ ತಾಯಿಯಾಗಿಬಿಡಬಹುದು.

ಕುರ್ಚಿ ಬಿಟ್ಟ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಇದು ನನಗೆ ತುಂಬಾ ಇಷ್ಟವಾದ ಭಾಗ. ಅದೇ ಹೊತ್ತಿನಲ್ಲಿ ಒಂದು ದಿನ ಅವರ ಮನೆ ಬಾಗಿಲಿಗೆ ಕೆಲವು ಹುಡುಗಿಯರು ಬಂದರು. ದೇವದಾಸಿ ಮನೆಗಳಿಂದ ಹೊರಬಿದ್ದವರು. ಊರಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್‌ಗಳಿದ್ದವು, ಆದರೆ ಇಂಥವರ ಮಕ್ಕಳು ಅಂದ ಕೂಡಲೇ ಜಾಗ ಇಲ್ಲ. ಯೋಚಿಸಿ, ಬಿಟ್ಟು ಬನ್ನಿ ಅಂತ ಹೇಳಿದವರು ಇವರೇ. ಬಿಟ್ಟು ಬಂದಿದ್ದಾರೆ. ಈಗ ಎಲ್ಲಿಗೆ ಹೋಗಬೇಕು? ಮುತ್ತುಲಕ್ಷ್ಮಿ ಅವರನ್ನು ಒಳಗೆ ಕರೆದು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಅದೇ ಬೆಳೆದು ಅವ್ವೈ ಹೋಮ್ ಆಯಿತು. ತಮಿಳಿನ ಹಳೆಯ ಕವಯಿತ್ರಿ ಅವ್ವೈಯಾರ್ ಹೆಸರು. ನಮಗೆ ಆ ಹೆಸರಿನಲ್ಲಿ ಅವ್ವ ಕೇಳಿಸುತ್ತದೆ. ಜಾತಿ ಕೇಳದೆ ಸೇರಿಸಿಕೊಂಡರು, ಓದಿಸಿದರು, ಟೀಚರು, ನರ್ಸು ಮಾಡಿದರು. ಅಡ್ಯಾರಿನಲ್ಲಿ ಅದು ಈಗಲೂ ಇದೆ. ಕಾನೂನು ಬರೆದವರು ಆ ಕಾನೂನಿನಿಂದ ಬೀದಿಗೆ ಬಂದವರಿಗೆ ತಮ್ಮ ಮನೆಯ ಬಾಗಿಲು ತೆಗೆದ ಉದಾಹರಣೆ ನನಗೆ ಹೆಚ್ಚು ಸಿಕ್ಕಿಲ್ಲ.

ಇನ್ನು ಆಸ್ಪತ್ರೆ. 1923ರಲ್ಲಿ ಅವರ ತಂಗಿ ಗುದನಾಳದ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ತಾನು ಡಾಕ್ಟರಾಗಿದ್ದೂ ಉಳಿಸಿಕೊಳ್ಳಲಾಗಲಿಲ್ಲ ಅನ್ನುವ ಸಂಕಟ ಅವರನ್ನು ಬಿಡಲಿಲ್ಲ. ವರ್ಷಗಟ್ಟಲೆ ಹಣ ಕೂಡಿಸಿದರು, ಸರ್ಕಾರದ ಹಿಂದೆ ಬಿದ್ದರು. 1952ರಲ್ಲಿ ನೆಹರೂ ಅಡಿಗಲ್ಲು ಹಾಕಿದರು. 1954ರ ಜೂನ್‌ನಲ್ಲಿ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಬಾಗಿಲು ತೆರೆಯಿತು. ಶುರುವಿನಲ್ಲಿ ಇದ್ದದ್ದು 12 ಹಾಸಿಗೆ. ಮಗ ಕೃಷ್ಣಮೂರ್ತಿ, ಆಮೇಲೆ ಡಾ. ವಿ. ಶಾಂತಾ ಅದನ್ನು ಬೆಳೆಸಿದರು. ನಾನು ನನ್ನವರ ಜೊತೆ ಕಾಯುತ್ತಾ ಕೂತಿದ್ದ ಆ ಜಾಗದ ಮೊದಲ ದಿನ 12 ಹಾಸಿಗೆ ಇತ್ತು ಅಂತ ತಿಳಿದಾಗ ಏನೋ ಒಂಥರಾ ಆಯಿತು.

1956ರಲ್ಲಿ ಪದ್ಮಭೂಷಣ ಬಂತು. 1968ರ ಜುಲೈನಲ್ಲಿ, 82 ತುಂಬಲು ಕೆಲವೇ ದಿನ ಇರುವಾಗ, ತೀರಿಕೊಂಡರು.

ಮಾತು ಇಲ್ಲಿಗೆ ಮುಗಿಸಿದ್ದೆ. ಚಹಾ ಕುಡಿಯುವಾಗ ಕೂಡ್ಲಿಗಿ ಕಡೆಯ ಒಬ್ಬರು ಅಜ್ಜಿ ಹತ್ತಿರ ಬಂದರು. ಹಿಂದಿನ ಸಾಲಿನಲ್ಲಿ ಕೂತು ಕಡೆಯವರೆಗೂ ಕೇಳಿದ್ದರು. ಆ ಹೊಲದ ಕಾನೂನು ಇನ್ನೊಮ್ಮೆ ಹೇಳು ಅಂದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮವ್ವಗ ಯಾವ ಗುಡಿಯವರೂ ಹೊಲ ಕೊಟ್ಟಿರಲಿಲ್ಲವ್ವ. ಬಿಡಸಾಕ ಹೊಲಾನ ಇರಲಿಲ್ಲ" ಅಂದರು.

ಅವರು ಹೇಳಿದ್ದು ನಿಜ. ನಮ್ಮ ಕಡೆ ಮುತ್ತು ಕಟ್ಟುತ್ತಿದ್ದದ್ದು ಜಾಸ್ತಿ ಕೇರಿಯ ಬಡವರ ಮಕ್ಕಳಿಗೆ. ಬಸವಿ ಬಿಡುತ್ತಿದ್ದರು, ಗಂಡುಮಗ ಇಲ್ಲದ ಮನೆಯಲ್ಲಿ ಮಗಳನ್ನೇ ಉಳಿಸಿಕೊಳ್ಳಲು. ಅಲ್ಲಿ ದೊಡ್ಡ ದೇವಸ್ಥಾನದ ಇನಾಮು ಇಲ್ಲ, ಜೋಡಿ ಇಲ್ಲ, ಪತ್ರ ಇಲ್ಲ. 1929ರ ಕಾಯ್ದೆ ಅವರನ್ನು ಮುಟ್ಟಲೇ ಇಲ್ಲ. 1947ರದ್ದು ಬಂದ ಮೇಲೂ ಪದ್ಧತಿ ನಿಲ್ಲಲಿಲ್ಲ, ಕರ್ನಾಟಕ 1982ರಲ್ಲಿ ಮತ್ತೆ ಇನ್ನೊಂದು ಕಾಯ್ದೆ ಮಾಡಬೇಕಾಯಿತು. ಇದನ್ನೆಲ್ಲ ನಾನು ಭಾಷಣದಲ್ಲಿ ಹೇಳಬೇಕಿತ್ತು, ಹೇಳಿರಲಿಲ್ಲ. ಕಮಲಾದೇವಿ ಆ ಚುನಾವಣೆಯಲ್ಲಿ ಸೋತಿದ್ದರಿಂದ ನಮ್ಮ ಕನ್ನಡ ಜಿಲ್ಲೆಗಳಿಂದ ಒಬ್ಬ ಹೆಣ್ಣುಮಗಳೂ ಆ ಸಭೆಯಲ್ಲಿ ಇರಲಿಲ್ಲ ಅಂತ ಅಜ್ಜಿಗೆ ವಿವರಿಸಿದೆ.

ಅಜ್ಜಿ ಲೋಟ ಕೆಳಗಿಟ್ಟರು. "ಹಂಗಾರ ಆಯಮ್ಮಗ ನಮ್ಮೂರು ತೋರ್ಸೋರು ಯಾರೂ ಇರಲಿಲ್ಲ ಅನ್ನು" ಅಂದರು.